ನೀವು ಕೇಳಿದಿರಿ: ಆರೋಗ್ಯ ವಿಜ್ಞಾನ ಓದುವವರಿಗೆ ಹೊರದೇಶದ ತರಬೇತಿ, ಹೊರದೇಶದ ಕೆಲಸ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಇದೇ ವಿಷಯದವು. ಒಂದೇ ತೆರನಾದವನ್ನು ಕೂಡಿಸಿ ಎಂಟು ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇವೆ. ಶುಲ್ಕ ಮತ್ತು ವೀಸಾ ನಿಯಮಗಳು ಬದಲಾಗುತ್ತಿರುತ್ತವೆ. ಹಣ ಕಟ್ಟುವ ದಿನ ಆಯಾ ಮಂಡಳಿಯ ಜಾಲತಾಣವನ್ನು ಒಮ್ಮೆ ನೋಡಿಯೇ ಕಟ್ಟಿ.

ಪ್ರಶ್ನೆ: ಬಿಪಿಟಿ (ಫಿಜಿಯೋಥೆರಪಿ ಪದವಿ) ಮೂರನೇ ವರ್ಷದಲ್ಲಿದ್ದೇನೆ. ಒಂದು ಕಂಪನಿಯವರು 4 ವಾರದ ಅಂತರರಾಷ್ಟ್ರೀಯ ಕ್ಲಿನಿಕಲ್ ಪ್ಲೇಸ್‌ಮೆಂಟ್ ಮಾಡಿಸಿಕೊಡುತ್ತೇವೆ, ಆ ಸರ್ಟಿಫಿಕೇಟ್ ಇದ್ದರೆ ಮುಂದೆ ಅಲ್ಲೇ ಕೆಲಸ ಸಿಗುತ್ತದೆ ಎನ್ನುತ್ತಾರೆ. ಎರಡೂವರೆ ಲಕ್ಷ ಕಟ್ಟಬೇಕಂತೆ. ಕಟ್ಟಲೇ?
ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಕೆಲಸದ ಆಸೆಗಾಗಿ ಕಟ್ಟುವುದಾದರೆ ಬೇಡ. ಹೊರದೇಶದಲ್ಲಿ ಫಿಜಿಯೋಥೆರಪಿಸ್ಟ್ ಆಗಿ ದುಡಿಯಲು ಬೇಕಾದದ್ದು ಆ ದೇಶದ ನೋಂದಣಿ. ಬ್ರಿಟನ್‌ನಲ್ಲಿ ಅದನ್ನು ಎಚ್‌ಸಿಪಿಸಿ ಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ ಫಿಜಿಯೋಥೆರಪಿ ಕೌನ್ಸಿಲ್ ಮೊದಲು ಕಾಗದ ನೋಡಿ, ಆಮೇಲೆ ಲಿಖಿತ ಪರೀಕ್ಷೆ, ಕೊನೆಗೆ ಕ್ಲಿನಿಕಲ್ ಪರೀಕ್ಷೆ ಮಾಡುತ್ತದೆ. ಅಮೆರಿಕದಲ್ಲಿ ಎನ್‌ಪಿಟಿಇ ಪರೀಕ್ಷೆ, ಕೊಲ್ಲಿ ದೇಶಗಳಲ್ಲಿ ಆರೋಗ್ಯ ಪ್ರಾಧಿಕಾರದ ಲೈಸೆನ್ಸ್. ಈ ಯಾವ ಕಡೆಯೂ ಖಾಸಗಿ ಕಂಪನಿಯ 4 ವಾರದ ಸರ್ಟಿಫಿಕೇಟ್ ನೋಂದಣಿಯ ಜಾಗ ತುಂಬುವುದಿಲ್ಲ. ಅವರು ಕೇಳುವುದೇ ಬೇರೆ: ಪದವಿ ಓದುವಾಗ ನೀವು ಒಟ್ಟು ಎಷ್ಟು ತಾಸು, ಯಾವ ಯಾವ ವಿಭಾಗದಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿದಿರಿ?

ಆ ಲೆಕ್ಕ ಬೆಳಗಾವಿಯಲ್ಲೇ ಕೂಡುತ್ತದೆ. ಬ್ರಿಟನ್‌ನ ಫಿಜಿಯೋಥೆರಪಿ ಕೋರ್ಸುಗಳಲ್ಲಿ ಸುಮಾರು 1,000 ತಾಸಿನ ಕ್ಲಿನಿಕಲ್ ಕಲಿಕೆ ಇರುತ್ತದೆ. ಆಕ್ಯುಪೇಷನಲ್ ಥೆರಪಿಗೆ ಆ ವೃತ್ತಿಯ ವಿಶ್ವ ಒಕ್ಕೂಟ ಹಾಕಿರುವ ಕನಿಷ್ಠ ಮಿತಿಯೂ 1,000 ತಾಸೇ. ನಿಮ್ಮ ಇಂಟರ್ನ್‌ಶಿಪ್ ಒಂದನ್ನೇ ತೆಗೆದುಕೊಳ್ಳಿ. ದಿನಕ್ಕೆ 7 ತಾಸು, ತಿಂಗಳಿಗೆ 26 ದಿನ ಹಿಡಿದರೆ 6 ತಿಂಗಳಿಗೆ 1,092 ತಾಸು. ತಾಸಿಗೆ ಕೊರತೆಯಿಲ್ಲ, ಬರೆದಿಡುವುದಕ್ಕೇ ಕೊರತೆ. ಅರ್ಜಿಗಳು ಸಿಕ್ಕಿಕೊಳ್ಳುವುದು ಇಲ್ಲೇ. ಐದು ವರ್ಷದ ಮೇಲೆ ಮಂಡಳಿಯವರು ನರರೋಗ ವಿಭಾಗದ ತಾಸು ಎಷ್ಟು ಎಂದು ಕೇಳಿದಾಗ ಕಾಲೇಜಿನಲ್ಲಿ ರಿಜಿಸ್ಟರ್ ಸಿಗುವುದಿಲ್ಲ, ಸಹಿ ಹಾಕಬೇಕಾದ ಮೇಡಮ್ಮು ಬೇರೆ ಊರಿಗೆ ಹೋಗಿರುತ್ತಾರೆ.

ಆದ್ದರಿಂದ ಇಂದೇ ಒಂದು ಗಟ್ಟಿ ರಟ್ಟಿನ ಪುಸ್ತಕ ತಂದು ಲಾಗ್‌ಬುಕ್ ಶುರುಮಾಡಿ. ತಾರೀಖು, ಆಸ್ಪತ್ರೆ ಮತ್ತು ವಿಭಾಗ, ಬಂದ ವೇಳೆ, ಹೋದ ವೇಳೆ, ಊಟದ ಬಿಡುವು ಕಳೆದ ತಾಸು, ರೋಗಿಯ ವಯಸ್ಸು ಮತ್ತು ತೊಂದರೆ ಬರೆಯಿರಿ. ರೋಗಿಯ ಹೆಸರು ಮಾತ್ರ ಎಂದೂ ಬೇಡ. ನೀವು ನೋಡಿದ್ದಷ್ಟೇಯೋ, ಕೈಜೋಡಿಸಿದ್ದೋ, ಮೇಲ್ವಿಚಾರಣೆಯಲ್ಲಿ ಸ್ವತಃ ಮಾಡಿದ್ದೋ ಎಂಬುದನ್ನು ಬೇರೆ ಬೇರೆ ಗುರುತು ಮಾಡಿ. ಮೂಳೆ-ಸ್ನಾಯು, ನರ, ಹೃದಯ-ಶ್ವಾಸಕೋಶ ಈ ಮೂರರ ಲೆಕ್ಕ ಬೇರೆ ಬೇರೆಯಾಗಿಯೇ ಇರಲಿ, ಆಸ್ಟ್ರೇಲಿಯಾದವರು ಪರೀಕ್ಷೆ ಮಾಡುವುದೂ ಈ ಮೂರರಲ್ಲೇ. ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ, ಹುದ್ದೆ, ನೋಂದಣಿ ಇದ್ದರೆ ಅದರ ಸಂಖ್ಯೆ ಹಾಕಿಸಿ. ತಿಂಗಳಿಗೊಮ್ಮೆ ವಿಭಾಗದ ಮುಖ್ಯಸ್ಥರ ಮೊಹರು ಬೀಳಲಿ. ಕೊನೆಯ ರಾತ್ರಿ ಒಂದೇ ಪೆನ್ನಿನಲ್ಲಿ ಇಡೀ ವರ್ಷ ಬರೆದ ಲಾಗ್‌ಬುಕ್ಕನ್ನು ಯಾರಾದರೂ ಹಿಡಿಯುತ್ತಾರೆ. ದೀಪಾವಳಿ ಪಾಡ್ಯದ ದಿನವೂ 8 ತಾಸು ಎಂದಿದ್ದರೆ ಉಳಿದ ಸತ್ಯದ ಮೇಲೂ ನಂಬಿಕೆ ಹೋಗುತ್ತದೆ. ಜತೆಗೆ ನಿಮ್ಮ ಬ್ಯಾಚಿಗೆ ಅನ್ವಯಿಸುವ ಸಿಲೆಬಸ್‌ ಪ್ರತಿಯನ್ನು, ವಿಷಯವಾರು ತಾಸುಗಳಿರುವ ಪುಟಗಳ ಸಮೇತ, ಕಾಲೇಜಿನ ಮೊಹರು ಹಾಕಿಸಿ ತೆಗೆದಿಡಿ. ಮುಂದಿನ ಬ್ಯಾಚಿಗೆ ಸಿಲೆಬಸ್ ಬದಲಾದರೆ ನಿಮ್ಮದು ಹುಡುಕಿದರೂ ಸಿಗದು.

ಹಾಗೆಂದು ಹೊರಗೆ ಹೋಗಿ ನೋಡುವುದು ವ್ಯರ್ಥವಲ್ಲ. ವೈದ್ಯರ ಚೀಟಿಯಿಲ್ಲದೆ ನೇರವಾಗಿ ಬಂದ ರೋಗಿಯನ್ನು ಥೆರಪಿಸ್ಟೇ ತಪಾಸಿಸಿ ನಿರ್ಧಾರ ಮಾಡುವ ರೀತಿ, ರೋಗಿ ಮನೆಗೆ ಹೋದ ಮೇಲೆ ಹೇಗೆ ನಡೆಯುತ್ತಾನೆ ಎಂಬುದನ್ನು ಭರ್ತಿಯಾದ ದಿನವೇ ಯೋಚಿಸುವ ರೀತಿ ಅಲ್ಲಿ ಕಣ್ಣಿಗೆ ಬೀಳುತ್ತವೆ. ಆ ಕಲಿಕೆಗಾಗಿ ಹೋಗುವುದಾದರೆ ನಿಮ್ಮ ಕಾಲೇಜು ಅಲ್ಲಿನ ವಿಶ್ವವಿದ್ಯಾಲಯದ ಜತೆ ಮಾಡಿಕೊಂಡ ಒಪ್ಪಂದದ ಮೂಲಕ, ಕೊನೆಯ ವರ್ಷದಲ್ಲಿ ಹೋಗಿ. ಅಲ್ಲಿ ನಿಮ್ಮ ಮೇಲ್ವಿಚಾರಕರು ಯಾರು, ರೋಗಿಯನ್ನು ಮುಟ್ಟಲು ಬಿಡುತ್ತಾರೋ ಬರೀ ನೋಡುವುದೋ, ತಾಸುಗಳನ್ನು ನಿಮ್ಮ ವಿಶ್ವವಿದ್ಯಾಲಯ ಲೆಕ್ಕಕ್ಕೆ ಹಿಡಿಯುತ್ತದೋ, ವಿಮೆ ಯಾರದು, ಯಾವ ವೀಸಾ ಎಂಬುದನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ ಉತ್ತರ ಕೊಡುವವರಿಗೆ ಮುಂಗಡ ಕೊಡಬೇಡಿ.

ಪ್ರಶ್ನೆ: ಮಗಳು ನರ್ಸಿಂಗ್ ಡಿಪ್ಲೊಮಾ, ಜಿಎನ್‌ಎಂ ಮುಗಿಸ್ಯಾಳ್ರಿ. ಇಲ್ಲಿ ದವಾಖಾನ್ಯಾಗ ತಿಂಗಳಿಗೆ ಹನ್ನೆರಡು ಸಾವಿರ ಕೊಡತಾರ. ಒಬ್ಬ ಏಜೆಂಟ ಬಂದು ಸೌದಿಗೆ ಕಳಸ್ತೀನಿ, ಮೂರು ಲಕ್ಷ ಕೊಡ್ರಿ, ಮದಲ ವಿಸಿಟ್ ವೀಸಾದ ಮ್ಯಾಲ ಹೋಗಲಿ, ಅಲ್ಲಿ ಹೋದಮ್ಯಾಲ ಪಕ್ಕಾ ಮಾಡೋಣು ಅಂತಾನ. ಕಬ್ಬಿನ ಬಿಲ್ಲಿನ ರೊಕ್ಕ ಕೈಯಾಗ ಐತಿ. ಕೊಡಬೇಕೋ ಬ್ಯಾಡೋ?
ರೈತರು, ಮುಧೋಳ ತಾಲೂಕು

ಉತ್ತರ: ಕೊಡಬೇಡ್ರಿ ಯಜಮಾನರ. ವಿಸಿಟ್ ವೀಸಾ ಎಂಬ ಒಂದೇ ಮಾತು ಸಾಕು ಇದನ್ನು ನಿಲ್ಲಿಸಲು. ಆ ವೀಸಾದ ಮೇಲೆ ಕೆಲಸ ಮಾಡುವುದು ಅಲ್ಲಿ ಅಪರಾಧ. ಮಗಳಿಗೆ ಸಂಬಳ ಕೊಡದಿದ್ದರೂ ದೂರು ಕೊಡಲು ಅವಳ ಬಳಿ ಕಾಗದವೇ ಇರುವುದಿಲ್ಲ.

ಕಾನೂನು ಹೀಗಿದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವವರಿಗೆ ವಿದೇಶಾಂಗ ಸಚಿವಾಲಯದ ಪರವಾನಗಿ ಬೇಕು. ಪರವಾನಗಿ ಇದ್ದವರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿ ಸಂಖ್ಯೆಯ ಸಮೇತ ಸಿಗುತ್ತದೆ. ಪರವಾನಗಿ ಇದ್ದವರೂ ಅಭ್ಯರ್ಥಿಯಿಂದ ಸೇವಾ ಶುಲ್ಕವೆಂದು ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ 18 ಶೇಕಡಾ ಜಿಎಸ್‌ಟಿ. ಎರಡೂ ಸೇರಿ 35,400. ಅದಕ್ಕೂ ರಸೀದಿ ಕೊಡಲೇಬೇಕು. ಮೂರು ಲಕ್ಷ ಕೇಳುವವನು ಯಾವ ಲೆಕ್ಕದಲ್ಲಿ ಕೇಳುತ್ತಾನೆ ಎಂದು ಅವನನ್ನೇ ಕೇಳಿ. ನರ್ಸುಗಳ ವಿಷಯದಲ್ಲಿ 2015ರಿಂದ ನಿಯಮ ಇನ್ನೂ ಬಿಗಿ. ಸೌದಿ, ಕುವೈತ್, ಕತಾರ್‌ನಂಥ 18 ದೇಶಗಳಿಗೆ ಹೋಗುವ ನರ್ಸು ಎಷ್ಟೇ ಓದಿರಲಿ, ವಲಸೆ ಅನುಮತಿ ಪಡೆಯದೆ ವಿಮಾನ ಹತ್ತುವಂತಿಲ್ಲ. ನೇಮಕಾತಿಯನ್ನೂ ಸರ್ಕಾರಿ ಸಂಸ್ಥೆಗಳ ಮೂಲಕ ನಡೆಸುವ ಪದ್ಧತಿ ಬಂದಿದೆ. ನಮ್ಮ ರಾಜ್ಯದಲ್ಲಿ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಮಗಳ ಹೆಸರು ಮೊದಲು ಅಲ್ಲಿ ನೋಂದಣಿಯಾಗಲಿ.

ಇನ್ನು ಮಗಳು ಮಾಡಬೇಕಾದದ್ದು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿರಬೇಕು. ಈಗಿರುವ ದವಾಖಾನೆಯಲ್ಲೇ ಎರಡು ವರ್ಷ ಬಿಡುವಿಲ್ಲದೆ ದುಡಿದು ಅನುಭವದ ಪತ್ರ ಪಡೆಯಲಿ. ಅದರಲ್ಲಿ ಸೇರಿದ ತಾರೀಖು, ವಾರ್ಡು, ಹಾಸಿಗೆಗಳ ಸಂಖ್ಯೆ ಇರಲಿ. ಸಂಬಳ ಕೈಯಲ್ಲಿ ಕೊಡದೆ ಬ್ಯಾಂಕಿಗೆ ಹಾಕಲು ಕೇಳಲಿ, ಅನುಭವಕ್ಕೆ ಅದೂ ಸಾಕ್ಷಿ. ಸಾಮಾನ್ಯ ವಾರ್ಡಿಗಿಂತ ಐಸಿಯು, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಅನುಭವಕ್ಕೆ ಕೊಲ್ಲಿಯಲ್ಲಿ ಬೇಡಿಕೆ ಹೆಚ್ಚು. ಆಮೇಲೆ ಡೇಟಾಫ್ಲೋ ಎಂಬ ಕಾಗದ ಪರಿಶೀಲನೆ, ಪ್ರೊಮೆಟ್ರಿಕ್ ಕಂಪ್ಯೂಟರ್ ಪರೀಕ್ಷೆ, ಸೌದಿಯ ಆರೋಗ್ಯ ವೃತ್ತಿ ಆಯೋಗದ ದರ್ಜೆ ನಿರ್ಣಯ. ಸೌದಿ ಆರೋಗ್ಯ ಸಚಿವಾಲಯದ ಆಸ್ಪತ್ರೆಗಳು ಹೆಚ್ಚಾಗಿ ಬಿಎಸ್ಸಿ ಆದವರನ್ನೇ ಕೇಳುವುದರಿಂದ ಜಿಎನ್‌ಎಂಗೆ ಸಿಗುವ ದರ್ಜೆ, ಸಂಬಳ ಕಡಿಮೆ. ಕಬ್ಬಿನ ರೊಕ್ಕದಲ್ಲಿ ಒಂದಷ್ಟನ್ನು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಹಾಕಿದರೆ ಅದು ಮಗಳ ಕೈಯಲ್ಲೇ ಉಳಿಯುತ್ತದೆ. ಹೋಗುವ ದಿನ ಬಂದಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆ ಮರೆಯಬೇಡಿ. ಎರಡು ವರ್ಷಕ್ಕೆ 275 ರೂಪಾಯಿ, ರಕ್ಷಣೆ 10 ಲಕ್ಷದ್ದು.

ಪ್ರಶ್ನೆ: ಎಂಬಿಬಿಎಸ್ ಎರಡನೇ ವರ್ಷ. ಅಮೆರಿಕ ಅಥವಾ ಬ್ರಿಟನ್‌ನಲ್ಲಿ ಎಲೆಕ್ಟಿವ್ ಮಾಡಬೇಕೆಂದಿದ್ದೇನೆ. ಯಾವಾಗ, ಹೇಗೆ ತಯಾರಿ?
ವಿದ್ಯಾರ್ಥಿ, ವಿಜಯಪುರ

ಉತ್ತರ: ಮೊದಲು ಎರಡು ಪದಗಳ ವ್ಯತ್ಯಾಸ ತಿಳಿದಿರಲಿ. ಎಲೆಕ್ಟಿವ್ ಎಂದರೆ ಇನ್ನೂ ವಿದ್ಯಾರ್ಥಿಯಾಗಿರುವವರು ಪಠ್ಯದ ಭಾಗವಾಗಿ ಮಾಡುವುದು. ಅಮೆರಿಕದ ಬೋಧನಾ ಆಸ್ಪತ್ರೆಯಲ್ಲಾದರೆ ರೋಗಿಯ ಹಿನ್ನೆಲೆ ಕೇಳುವುದು, ತಪಾಸಣೆ ಮಾಡುವುದು ಇದರಲ್ಲಿ ಬರುತ್ತದೆ. ಅಬ್ಸರ್ವರ್‌ಶಿಪ್ ಎಂದರೆ ಕೈಕಟ್ಟಿ ನೋಡುವುದು. ಪದವಿ ಮುಗಿದ ಮೇಲೆ ಸಾಮಾನ್ಯವಾಗಿ ಎರಡನೆಯದೇ ಗತಿ. ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿಗೆ, ಅರ್ಜಿ ಹಾಕುವಾಗ ಅಲ್ಲಿನ ವೈದ್ಯರು ನಿಮ್ಮ ಕೈಕೆಲಸ ನೋಡಿ ಬರೆದ ಶಿಫಾರಸು ಪತ್ರಕ್ಕೆ ತೂಕ ಹೆಚ್ಚು. ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇಯ ಮೊದಲ ಹಂತ 2022ರ ಜನವರಿಯಿಂದ ಬರೀ ಪಾಸು-ಫೇಲು ಆದ ಮೇಲೆ ಇದರ ತೂಕ ಇನ್ನೂ ಏರಿದೆ. ಆದ್ದರಿಂದ ಮೂರನೇ ಎಂಬಿಬಿಎಸ್ ಮೊದಲ ಭಾಗ ಮುಗಿದ ಮೇಲೆ ಬರುವ ಎಲೆಕ್ಟಿವ್ ಅವಧಿಯ ಮೇಲೆ ಕಣ್ಣಿಡಿ. ಹೊರದೇಶದ ವಾರಗಳನ್ನು ಹಾಜರಿಗೆ ಹಿಡಿಯುತ್ತಾರೋ ಎಂಬುದನ್ನು ಡೀನ್ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ಇಂಟರ್ನ್‌ಶಿಪ್‌ನಲ್ಲಿ ಹೋಗುವ ಯೋಚನೆ ಬಿಡಿ. ಅಲ್ಲಿ 12 ತಿಂಗಳಿಗೆ ರಜೆ 15 ದಿನ ಮಾತ್ರ, ಮಿಕ್ಕ ಗೈರು ಮುಂದಕ್ಕೆ ಬೀಳುತ್ತದೆ, ಅದರೊಂದಿಗೆ ನಿಮ್ಮ ನೋಂದಣಿಯೂ.

ತಯಾರಿಯಲ್ಲಿ ಹುಡುಗರು ಹೆಚ್ಚು ಮುಗ್ಗರಿಸುವುದು ವೀಸಾದಲ್ಲಲ್ಲ, ಲಸಿಕೆಯಲ್ಲಿ. ಹೆಪಟೈಟಿಸ್ ಬಿ ಮೂರು ಡೋಸು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಅದಾಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯದ ಮಟ್ಟ 10 ಮಿಲಿ ಯೂನಿಟ್ ಅಥವಾ ಹೆಚ್ಚು ಬರಬೇಕು. ಬರದಿದ್ದರೆ ಮತ್ತೆ ಡೋಸು. ಅಂದರೆ ಎಲ್ಲ ಸರಿಹೋದರೂ ಏಳೆಂಟು ತಿಂಗಳು ಇದಕ್ಕೇ ಬೇಕು, ಅರ್ಜಿಯ ಹಿಂದಿನ ತಿಂಗಳು ಓಡಾಡಿದರೆ ಆಗದು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಎರಡು ಡೋಸು 28 ದಿನದ ಅಂತರದಲ್ಲಿ, ಸಿಡುಬಿನಂಥ ಚಿಕನ್‌ಪಾಕ್ಸ್‌ಗೂ ಎರಡು. ಕ್ಷಯದ ಪರೀಕ್ಷೆಗೆ ಚರ್ಮದ ಮಾಂಟೂ ಬದಲು ರಕ್ತದ ಇಗ್ರಾ ಪರೀಕ್ಷೆ ಮಾಡಿಸಿ. ಬಾಲ್ಯದಲ್ಲಿ ಬಿಸಿಜಿ ಆದವರಿಗೆ ಮಾಂಟೂ ಉಬ್ಬುವುದುಂಟು, ಅದನ್ನು ಅಲ್ಲಿನವರಿಗೆ ವಿವರಿಸುತ್ತ ಕೂರಬೇಕಾಗುತ್ತದೆ. ಎಂಎಂಆರ್ ಹಾಕಿಸಿಕೊಂಡ ಮೇಲಿನ ವಾರಗಳಲ್ಲಿ ಕ್ಷಯದ ಪರೀಕ್ಷೆ ತಪ್ಪು ತೋರಿಸಬಹುದು. ಎರಡನ್ನೂ ಒಂದೇ ದಿನ ಮುಗಿಸಿ, ಇಲ್ಲವೇ ಆರು ವಾರ ಬಿಡಿ.

ವೀಸಾ ವಿಷಯ. ಅಮೆರಿಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಸಂಬಳವಿಲ್ಲದೆ, ನಿಮ್ಮ ಪದವಿಯ ಭಾಗವಾಗಿ ಮಾಡುವ ಎಲೆಕ್ಟಿವ್‌ಗೆ ಬಿ-1 ವೀಸಾದಲ್ಲಿ ಅವಕಾಶವಿದೆ. ಬರೀ ಪ್ರವಾಸವೆಂದು ಹೇಳಿ ಹೋಗುವುದು ದೊಡ್ಡ ತಪ್ಪು. ಬ್ರಿಟನ್‌ನ ವಿಸಿಟರ್ ನಿಯಮ ವೈದ್ಯಕೀಯ, ದಂತ ಮತ್ತು ಪಶುವೈದ್ಯ ವಿದ್ಯಾರ್ಥಿಗಳ ಎಲೆಕ್ಟಿವ್ ಅನ್ನು ಹೆಸರಿಸಿಯೇ ಒಪ್ಪುತ್ತದೆ. ಆದರೆ ಸಂಬಳ ಇರಬಾರದು, ಚಿಕಿತ್ಸೆ ಕೊಡಬಾರದು. ಆಸ್ಪತ್ರೆಯ ಪತ್ರದಲ್ಲಿ ಈ ಎರಡು ಮಾತೂ ಇರುವಂತೆ ನೋಡಿಕೊಳ್ಳಿ.

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷ. ಜರ್ಮನ್ ಕಲಿಯುವುದೋ, ಎನ್‌ಕ್ಲೆಕ್ಸ್ ಬರೆಯುವುದೋ, ಲಂಡನ್ನಿಗೆ ನೋಡುವುದೋ? ಹಾಸ್ಟೆಲಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಮೂವರು ಗೆಳತಿಯರು, ಗೋಕಾಕ ಮತ್ತು ಅಥಣಿ

ಉತ್ತರ: ಪರೀಕ್ಷೆ ಪಾಸಾಗುವುದು ಬೇರೆ, ವೀಸಾ ಸರದಿ ಬರುವುದು ಬೇರೆ. ಇವೆರಡನ್ನು ಬಿಡಿಸಿ ನೋಡಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಎನ್‌ಕ್ಲೆಕ್ಸ್ ಎಂದರೆ ಅಮೆರಿಕದ ನರ್ಸ್ ಪರವಾನಗಿ ಪರೀಕ್ಷೆ. ಕಂಪ್ಯೂಟರಿನ ಮೇಲೆ 85ರಿಂದ 150 ಪ್ರಶ್ನೆ, 5 ತಾಸು. ನೀವು ಉತ್ತರಿಸಿದಂತೆ ಮುಂದಿನ ಪ್ರಶ್ನೆಯ ಕಷ್ಟ ಏರಿಳಿಯುತ್ತದೆ. ಬೆಂಗಳೂರಿನಲ್ಲೇ ಕೇಂದ್ರವಿದೆ. ಪಾಸಾಗುವ ನಮ್ಮ ಹುಡುಗಿಯರು ಬಹಳ. ಆದರೆ ಭಾರತದಲ್ಲಿ ಹುಟ್ಟಿದ ನರ್ಸುಗಳಿಗೆ ಅಮೆರಿಕದ ಇಬಿ-3 ವಲಸೆ ವೀಸಾದ ಸರದಿ ಹತ್ತು ವರ್ಷಕ್ಕೂ ಮೀರಿ ಉದ್ದವಿದೆ. ಕೋಚಿಂಗ್ ಸೆಂಟರಿನ ಫಲಕದ ಮೇಲೆ ಇದನ್ನು ಬರೆದಿರುವುದಿಲ್ಲ. ಹಾಗಾದರೆ ಬರೆಯುವುದೇ ಬೇಡವೇ? ಬರೆಯಿರಿ, ಏಕೆಂದರೆ ಕೆನಡಾದ ಹೆಚ್ಚಿನ ಪ್ರಾಂತಗಳೂ ಆಸ್ಟ್ರೇಲಿಯಾವೂ ಇದೇ ಪರೀಕ್ಷೆಯನ್ನು ಬಳಸುತ್ತವೆ. ಆಸ್ಟ್ರೇಲಿಯಾದಲ್ಲಿ ಇದರ ಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯೂ ಇದೆ. ಅಮೆರಿಕ ಒಂದನ್ನೇ ನಂಬಿ ಮಾತ್ರ ಕೂರಬೇಡಿ.

ಬ್ರಿಟನ್‌ನಲ್ಲಿ ಕಂಪ್ಯೂಟರ್ ಪರೀಕ್ಷೆ ಇಲ್ಲಿ, ಓಸ್ಕಿ ಅಲ್ಲಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತಿಗೆ 7, ಬರವಣಿಗೆಗೆ 6.5 ಬೇಕು. ಕೋವಿಡ್ ನಂತರದ ಭರಾಟೆಯ ನೇಮಕಾತಿ ಈಗ ಇಳಿದಿದೆ. ಅಷ್ಟೇ ಅಲ್ಲ, ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ಕರೆಸುವುದನ್ನು ಬ್ರಿಟನ್ 2025ರ ಜುಲೈನಲ್ಲಿ ನಿಲ್ಲಿಸಿದೆ. ಆ ವೀಸಾ ಮಾಡಿಸಿಕೊಡುತ್ತೇನೆ ಎಂದು ಈಗಲೂ ದುಡ್ಡು ಕೇಳುವವರು ಮುಚ್ಚಿದ ಬಾಗಿಲಿನ ಟಿಕೆಟ್ ಮಾರುತ್ತಿದ್ದಾರೆ.

ಸದ್ಯಕ್ಕೆ ನಿಮ್ಮ ವಯಸ್ಸಿಗೆ, ಕೈಯಲ್ಲಿರುವ ಕಾಲಕ್ಕೆ ಜರ್ಮನಿ ಹೆಚ್ಚು ನಂಬುವಂಥದು ಎಂಬುದು ನಮ್ಮ ಅಭಿಪ್ರಾಯ. ಬೆಲೆಯೂ ಇದೆ, ಅದು ಭಾಷೆ. ಆರಂಭದ ಎ1 ಹಂತದಿಂದ, ಸರಾಗವಾಗಿ ಮಾತಾಡುವ ಬಿ2 ಹಂತ ಮುಟ್ಟಲು 45 ನಿಮಿಷದ 600ರಿಂದ 800 ಪಾಠಗಳು ಬೇಕು. ದಿನಕ್ಕೆ ನಾಲ್ಕು ಪಾಠ ಹಿಡಿದರೆ ತರಗತಿಯೇ 150ರಿಂದ 200 ದಿನ, ರಜೆ, ಪುನರಾವರ್ತನೆ, ಪರೀಕ್ಷೆ ಸೇರಿ ಒಂದು ವರ್ಷ ಬೇರೇನೂ ಇಲ್ಲದೆ ಓದಬೇಕು. ಆರು ತಿಂಗಳಲ್ಲಿ ಬಿ2 ಎಂಬ ಜಾಹೀರಾತು ನಂಬಿದವರು ಮಾತಿನ ಪರೀಕ್ಷೆಯಲ್ಲಿ ಬೀಳುತ್ತಾರೆ. ವ್ಯಾಕರಣ ಬಾಯಿಪಾಠವಾಗಿರುತ್ತದೆ, ನೋವು ಎಲ್ಲಿದೆ, ಯಾವಾಗಿನಿಂದ ಎಂದು ಮುದುಕಿಯೊಬ್ಬಳನ್ನು ಕೇಳಲು ನಾಲಿಗೆ ಹೊರಳುವುದಿಲ್ಲ. ಗ್ಯೋಥೆ ಸಂಸ್ಥೆಯ ಪರೀಕ್ಷೆಗೆ ನಿಮಗೆ ಬೆಂಗಳೂರಿಗಿಂತ ಪುಣೆ ಹತ್ತಿರ.

ಭಾಷೆಯ ಜತೆಗೇ ಪದವಿಯ ಮಾನ್ಯತೆಗೆ ಅರ್ಜಿ ಹೋಗಬೇಕು. ಅಲ್ಲಿನ ನರ್ಸಿಂಗ್ ತರಬೇತಿ 4,600 ತಾಸಿನದು, 2,100 ಪಾಠ, 2,500 ಪ್ರಾಯೋಗಿಕ. ನಿಮ್ಮ ಸಿಲೆಬಸ್‌ ಅದರ ಪಕ್ಕ ಇಟ್ಟು ಏನು ಕಡಿಮೆ ಎಂದು ಬರೆದುಕೊಡುತ್ತಾರೆ. ಆ ಕೊರತೆಯನ್ನು ಅಲ್ಲಿಗೆ ಹೋಗಿ ಹೊಂದಾಣಿಕೆ ತರಬೇತಿಯಿಂದಲೋ ಜ್ಞಾನ ಪರೀಕ್ಷೆಯಿಂದಲೋ ತುಂಬಬೇಕು. ಅಲ್ಲಿಯತನಕ ಸಹಾಯಕಿಯ ದರ್ಜೆ, ಸಹಾಯಕಿಯ ಸಂಬಳ. ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಮೂರು ವಿಷಯ ಓದಿ: ನಡುವೆ ಬಿಟ್ಟರೆ ಎಷ್ಟು ಯೂರೋ ಹಿಂದಿರುಗಿಸಬೇಕು, ಎಷ್ಟು ವರ್ಷ ಕಟ್ಟುಬೀಳುತ್ತೀರಿ, ಪರೀಕ್ಷೆಯಲ್ಲಿ ಬಿದ್ದರೆ ಮತ್ತೆ ಬರೆಯುವ ಖರ್ಚು ಯಾರದು. ನ್ಯಾಯದ ನೇಮಕಾತಿಗೆಂದು ಜರ್ಮನಿ ಸರ್ಕಾರದ ಗುಣಮುದ್ರೆ ಇದೆ. ಅದಿರುವ ಸಂಸ್ಥೆಗಳಲ್ಲಿ ಖರ್ಚು ಆಸ್ಪತ್ರೆಯದು, ನರ್ಸಿನದಲ್ಲ. ಇನ್ನೊಂದು ಎಚ್ಚರ: ಔಸ್‌ಬಿಲ್ಡುಂಗ್ ಎಂಬುದು ಪಿಯುಸಿ ಆದವರು ಮೂರು ವರ್ಷ ಹೊಸದಾಗಿ ನರ್ಸಿಂಗ್ ಕಲಿಯುವ ದಾರಿ. ಪದವಿ ಮುಗಿಸಿದ ನಿಮ್ಮನ್ನು ಅದಕ್ಕೆ ಸೇರಿಸುವ ಏಜೆಂಟರು ಇದ್ದಾರೆ. ನಾಲ್ಕು ವರ್ಷದ ಓದನ್ನು ಹೊಳೆಗೆ ಬಿಟ್ಟಂತೆ ಅದು.

ಪ್ರಶ್ನೆ: ಬಿ.ಫಾರ್ಮ ಮುಗಿಸಿ ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಬಹುದೇ?
ವಿದ್ಯಾರ್ಥಿ, ಜಮಖಂಡಿ

ಉತ್ತರ: ನೇರವಾಗಿ ಆಗದು. ಹೊರದೇಶದ ಫಾರ್ಮಸಿ ಪದವೀಧರರ ಪರೀಕ್ಷೆಗೆ ಅಲ್ಲಿ ಕನಿಷ್ಠ 5 ವರ್ಷದ ಪಠ್ಯ ಬೇಕು. 2003ರ ನಂತರ ಮುಗಿಸಿದ 4 ವರ್ಷದ ಬಿ.ಫಾರ್ಮಕ್ಕೆ ಅವಕಾಶವಿಲ್ಲ, ಮೇಲೆ ಎಂ.ಫಾರ್ಮ ಮಾಡಿದರೂ ಆ ಕೊರತೆ ತುಂಬುವುದಿಲ್ಲ. 6 ವರ್ಷದ ಫಾರ್ಮ.ಡಿ. ಆದವರು ಬರೆಯಬಹುದು. ನಿಮ್ಮ ಪದವಿಗೆ ಕೆನಡಾದ ಫಾರ್ಮಸಿ ಪರೀಕ್ಷಾ ಮಂಡಳಿ ಪಿಇಬಿಸಿಯ ದಾರಿ, ಕೊಲ್ಲಿಯ ಲೈಸೆನ್ಸು ಇವೆ.

ಪ್ರಶ್ನೆ: ನನ್ನ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ. ಹಳೆಯ ಕಾಗದದಲ್ಲಿ ಬಿಜಾಪುರ, ಹೊಸದರಲ್ಲಿ ವಿಜಯಪುರ. ಹುಟ್ಟಿದ್ದು ಮಿರಜ್ ದವಾಖಾನೆಯಲ್ಲಿ, ಜನನ ಪತ್ರ ಮರಾಠಿಯಲ್ಲಿದೆ. ತೊಂದರೆಯಾಗುತ್ತದೆಯೇ?
ಲ್ಯಾಬ್ ಟೆಕ್ನಿಷಿಯನ್, ಇಂಡಿ

ಉತ್ತರ: ನಮ್ಮ ಭಾಗದವರಿಗೆಲ್ಲ ಇರುವ ತೊಡಕು ಇದು. ಸುಲಭದಿಂದ ಕಷ್ಟಕ್ಕೆ ಹೋಗೋಣ.

ಊರ ಹೆಸರು ತೊಂದರೆಯಲ್ಲ. ರಾಜ್ಯ ಸರ್ಕಾರ 2014ರ ನವೆಂಬರ್ 1ರಿಂದ 12 ನಗರಗಳ ಹೆಸರು ಬದಲಿಸಿತು, ಬೆಳಗಾವಿ, ವಿಜಯಪುರ ಅದರಲ್ಲಿವೆ. ಆ ಅಧಿಸೂಚನೆಯ ಪ್ರತಿ ಒಂದು ಕಡತದಲ್ಲಿರಲಿ, ಕೇಳಿದವರಿಗೆ ಕೊಡಿ. ಮರಾಠಿ ಜನನ ಪತ್ರಕ್ಕೆ ದೃಢೀಕೃತ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದದಲ್ಲಿ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಂತೆಯೇ ಬರಲಿ.

ಹೆಸರಿನ ಕ್ರಮ ಮಾತ್ರ ಹಿಂದುಮುಂದಾಗಿದ್ದರೆ, ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರ ಸಾಮಾನ್ಯವಾಗಿ ನಡೆಯುತ್ತದೆ. ಅಕ್ಷರವೇ ಬೇರೆಯಿದ್ದರೆ, ಹುಟ್ಟಿದ ತಾರೀಖು ಬೇರೆಯಿದ್ದರೆ ಪ್ರಮಾಣಪತ್ರ ಸಾಲದು. ಹತ್ತನೇ ತರಗತಿಯ ಅಂಕಪಟ್ಟಿಯನ್ನೇ ಮೂಲವೆಂದು ಹಿಡಿದು ಉಳಿದವನ್ನು ಅದಕ್ಕೆ ಸರಿಯಾಗಿ ತಿದ್ದಿಸಿ. ಅದರಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಮದುವೆ ಗೊತ್ತಾದ ಹೆಣ್ಣುಮಕ್ಕಳಿಗೆ ಒಂದು ಮಾತು: ಪರಿಶೀಲನೆ ನಡೆಯುತ್ತಿರುವಾಗ ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಅಡ್ಡಹೆಸರು ಸೇರಿಸಬೇಡಿ. ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ.

ಅಂಕಪಟ್ಟಿ, ಪದವಿ ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ. ದೃಢೀಕರಣದ ಮುದ್ರೆ ಹಾಳೆಯ ಬೆನ್ನಿಗೆ ಬೀಳಬೇಕು, ಪ್ಲಾಸ್ಟಿಕ್ಕಿನ ಮೇಲೆ ಬೀಳದು. ಬಿಸಿಮಾಡಿ ಬಿಡಿಸಲು ಹೋಗಿ ಪದವಿ ಪತ್ರವನ್ನೇ ಹರಿದುಕೊಂಡವರಿದ್ದಾರೆ. ಯುಎಇಗೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆಮೇಲೆ ಆ ದೇಶದ ರಾಯಭಾರ ಕಚೇರಿ ಹೀಗೆ ಮೂರು ಮೆಟ್ಟಿಲು. ಸೌದಿ 2022ರ ಡಿಸೆಂಬರಿನಿಂದ ಅಪೋಸ್ಟಿಲ್ ಎಂಬ, ವಿದೇಶಾಂಗ ಸಚಿವಾಲಯವೇ ಹಾಕುವ ದೃಢೀಕರಣ ಒಪ್ಪುತ್ತದೆ, ಅಲ್ಲಿಗೆ ಕೊನೆಯ ಮೆಟ್ಟಿಲು ಬೇಕಿಲ್ಲ. ನಿಮ್ಮ ಹಳೆಯ ಲ್ಯಾಬಿನ ಮಾಲೀಕರಿಗೂ ಮುಂಚೆಯೇ ತಿಳಿಸಿ: ಪರಿಶೀಲನೆಯ ಇಮೇಲ್ ಅವರಿಗೇ ಬರುತ್ತದೆ. ಜಿಮೇಲ್ ವಿಳಾಸಕ್ಕಿಂತ ಸಂಸ್ಥೆಯ ಸ್ವಂತ ವಿಳಾಸದಿಂದ ಹೋದ ಉತ್ತರಕ್ಕೆ ಬೆಲೆ. ಉತ್ತರವೇ ಹೋಗದಿದ್ದರೆ ನಿಮ್ಮ ಅನುಭವ ಪರಿಶೀಲನೆಗೆ ಸಿಗಲಿಲ್ಲ ಎಂದು ವರದಿ ಬರುತ್ತದೆ.

ಪ್ರಶ್ನೆ: ಸಮುದಾಯ ಆರೋಗ್ಯದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಹೊರದೇಶಕ್ಕೆ ಕ್ಷೇತ್ರಕಾರ್ಯಕ್ಕೆ ಹೋಗುವಷ್ಟು ಹಣವಿಲ್ಲ. ನನ್ನ ಕ್ಷೇತ್ರ ಹುನಗುಂದದ ಹಳ್ಳಿಗಳು. ಇದರಿಂದ ಅಂತರರಾಷ್ಟ್ರೀಯ ಕೆಲಸ ಸಿಗುವುದೇ?
ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಸಿಗುತ್ತದೆ, ಮತ್ತು ಹಳ್ಳಿ ಎಂದು ಕೀಳಾಗಿ ಕಾಣುವ ಕಾರಣವೇ ಇಲ್ಲ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಕೆಲಸ ಮಾಡುತ್ತದೆಯೇ ಎಂಬ ಪ್ರಯೋಗ ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. 1,620 ಹೆಣ್ಣುಮಕ್ಕಳು ಪಾಲ್ಗೊಂಡರು. 600 ಮೈಕ್ರೊಗ್ರಾಂ ಮಾತ್ರೆ ಕೊಟ್ಟವರು ದೊಡ್ಡ ತಜ್ಞರಲ್ಲ, ನಮ್ಮ ಎಎನ್‌ಎಂ ಅಕ್ಕಂದಿರು. ರಕ್ತಸ್ರಾವ 12 ಶೇಕಡಾದಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂದಾಗ ಜಗತ್ತೇ ಓದಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ತಾಯಿ-ಮಗುವಿನ ಆರೋಗ್ಯದ ಅಂತರರಾಷ್ಟ್ರೀಯ ಸಂಶೋಧನಾ ಜಾಲದ ಕೇಂದ್ರಗಳಲ್ಲೊಂದಾಗಿ ಕೆಲಸ ಮಾಡಿದೆ. ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಸಂಸ್ಥೆಯೂ ಅದೇ ಊರಿನಲ್ಲಿದೆ. ಇಂಥ ಕಡೆ ಆರು ತಿಂಗಳು ಕ್ಷೇತ್ರ ಸಹಾಯಕಿಯಾಗಿ ದುಡಿದವರ ಅರ್ಜಿಗೆ, ನಾಲ್ಕು ವಾರ ಆಫ್ರಿಕಾ ಸುತ್ತಿ ಬಂದವರ ಅರ್ಜಿಗಿಂತ ತೂಕ ಹೆಚ್ಚು.

ಕಲಿಯಬೇಕಾದ ಕೈಕೆಲಸ ಇದು. ಸಂಶೋಧನೆಯ ಸದಾಚಾರದ ಜಿಸಿಪಿ ತರಬೇತಿ ಆನ್‌ಲೈನಿನಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಒಡಿಕೆ ಅಥವಾ ರೆಡ್‌ಕ್ಯಾಪ್ ಎಂಬ ಸಮೀಕ್ಷೆಯ ತಂತ್ರಾಂಶದಲ್ಲಿ ಪ್ರಶ್ನಾವಳಿ ಕಟ್ಟುವುದು, ತಪ್ಪು ದತ್ತಾಂಶ ಹುಡುಕಿ ತಿದ್ದುವುದು. ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತಂದು, ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಅರ್ಥ ಜಾರಿಲ್ಲವೆಂದು ಖಾತ್ರಿ ಮಾಡುವುದು. ಇದನ್ನು ಬೆಂಗಳೂರಿನ ಕನ್ನಡದಲ್ಲಿ ಮಾಡಿದರೆ ಹುನಗುಂದದ ಮುತ್ತಜ್ಜಿಗೆ ತಲುಪುವುದಿಲ್ಲ. 'ಅತಿಸಾರ' ಎಂದು ಬರೆದರೆ ಯಾರೂ ಹೌದು ಅನ್ನುವುದಿಲ್ಲ, 'ಹೊಟ್ಟಿ ಕಳಕೊಂಡಿತ್ತೇನು' ಎಂದು ಕೇಳಿದರೆ ಉತ್ತರ ಬರುತ್ತದೆ. ಈ ವಿವೇಕ ನಿಮ್ಮ ಬಂಡವಾಳ, ಅರ್ಜಿಯಲ್ಲಿ ಅದನ್ನು ಬರೆಯಿರಿ.

ಕ್ಷೇತ್ರದಲ್ಲಿ ಕೆಲಸ ಕೆಡುವುದು ಸಣ್ಣ ಕಾರಣಗಳಿಂದ. ಮಧ್ಯಾಹ್ನ ಹೋದರೆ ಹೊಲಕ್ಕೆ ಹೋಗದವರಷ್ಟೇ ಸಿಗುತ್ತಾರೆ. ಮನೆಯಲ್ಲಿ ಮಗ್ಗವಿದ್ದವರೇ ಹೆಚ್ಚಾಗಿ ಸಿಕ್ಕಿ ನಿಮ್ಮ ಮಾದರಿ ಒಂದೇ ಕಡೆ ವಾಲುತ್ತದೆ. ಬೆಳಿಗ್ಗೆ ಏಳಕ್ಕೆ ಮುಂಚೆ, ಸಂಜೆ ಆರರ ಮೇಲೆ ಇನ್ನೊಂದು ಸುತ್ತು ಬೇಕು. ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದ ಊರುಗಳಲ್ಲಿ ಹಳೆಯ ಮನೆಪಟ್ಟಿ ನಂಬಬೇಡಿ. ಪುನರ್ವಸತಿ ಕೇಂದ್ರದ ಹೆಸರೂ ಊರಿನ ಹೆಸರೂ ಬೆರೆತು ಒಂದೇ ಮನೆ ಎರಡು ಸಲ ಬರುತ್ತದೆ. ಆಶಾ ಕಾರ್ಯಕರ್ತೆಯ ಜತೆ ಮೊದಲ ಎರಡು ದಿನ ಬರೀ ಮನೆ ಎಣಿಸಿ. ಇನ್ನು ಅತ್ತೆ ಪಕ್ಕದಲ್ಲಿ ಕೂತಿರುವಾಗ ಸೊಸೆ ಗರ್ಭನಿರೋಧದ ಬಗ್ಗೆ ನಿಜ ಹೇಳುವುದಿಲ್ಲ, ಬೇರೆ ಕೋಣೆ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆಯ ಇಂಟರ್ನ್‌ಶಿಪ್ 6ರಿಂದ 24 ವಾರದ್ದು, ಈಗ ಭತ್ಯೆಯೂ ಉಂಟು. ಓದುತ್ತಿರುವವರು ಮತ್ತು ಓದು ಮುಗಿಸಿ ಆರು ತಿಂಗಳೊಳಗಿನವರು ಸಂಸ್ಥೆಯ ಜಾಲತಾಣದಲ್ಲೇ ಅರ್ಜಿ ಹಾಕಬೇಕು, ಅದಕ್ಕೆ ಶುಲ್ಕವಿಲ್ಲ. ಯುರೋಪಿನಲ್ಲಿ ಮುಂದೆ ಓದಲು ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೋ. ಪರಿಶಿಷ್ಟ ಜಾತಿ, ಪಂಗಡದವರಾದರೆ ಹೊರದೇಶದ ಓದಿಗೆ ನೆರವಾಗುವ ರಾಜ್ಯದ ಪ್ರಬುದ್ಧ ಯೋಜನೆಯನ್ನೂ ನೋಡಿ.

ಪ್ರಶ್ನೆ: ನಮ್ಮೂರ ಆರೋಗ್ಯ ಕೇಂದ್ರಕ್ಕೆ ತರಬೇತಿಗೆಂದು ಹೊರದೇಶದ ಇಬ್ಬರು ವಿದ್ಯಾರ್ಥಿನಿಯರು ಬರುತ್ತಾರಂತೆ. ನಮ್ಮ ಮನೆಯಲ್ಲಿ ಇರಿಸಿಕೊಳ್ಳಬಹುದೇ?
ಗೃಹಿಣಿ, ಖಾನಾಪುರ ತಾಲೂಕು

ಉತ್ತರ: ಧಾರಾಳವಾಗಿ ಇರಿಸಿಕೊಳ್ಳಿ ಅಕ್ಕಾ. ಅವರು ಬಂದಿಳಿದ 24 ತಾಸಿನೊಳಗೆ ಸಿ-ಫಾರ್ಮ್ ಎಂದು ಕರೆಯುವ ಮಾಹಿತಿಯನ್ನು ವಿದೇಶೀಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ತುಂಬಬೇಕು. ಪಾಸ್‌ಪೋರ್ಟು, ವೀಸಾ ಪುಟದ ಪ್ರತಿ ಬೇಕಾಗುತ್ತದೆ. ಕಳಿಸುವ ಕಾಲೇಜಿನವರಿಗೇ ಇದನ್ನು ಮಾಡಿಸಿಕೊಡಲು ಹೇಳಿ, ಆದರೆ ತುಂಬಿದ ಪ್ರತಿ ನಿಮ್ಮ ಬಳಿ ಇರಲಿ, ಜವಾಬ್ದಾರಿ ಮನೆಯವರದು. ಕುದಿಸಿ ಆರಿಸಿದ ನೀರು, ಮೊದಲ ವಾರ ಚಟ್ನಿಪುಡಿ ಕೈಬಿಟ್ಟ ಊಟ, ಒಳಗಿನಿಂದ ಚಿಲಕವಿರುವ ಕೋಣೆ, ಇಷ್ಟು ಸಾಕು. ಊರಿನವರು ಬಿಳಿ ಹುಡುಗಿ ಡಾಕ್ಟರ್ ಬಂದಾಳ ಎಂದು ಮಕ್ಕಳನ್ನು ಕರೆತಂದರೆ ನೀವೇ ತಡೆಯಿರಿ. ಅವರು ಕಲಿಯಲು ಬಂದವರು, ಇಲ್ಲಿ ಔಷಧಿ ಕೊಡುವ, ಸೂಜಿ ಚುಚ್ಚುವ ಅಧಿಕಾರ ಅವರಿಗಿಲ್ಲ. ಬಾಣಂತಿ, ಕೂಸಿನ ಫೋಟೋ ತೆಗೆಯುವುದಾದರೆ ಮನೆಯವರ ಒಪ್ಪಿಗೆ ಮೊದಲು. ಮನೆಮನೆಗೆ ಹೋಗಿ ಮಾಹಿತಿ ಬರೆದುಕೊಳ್ಳುವವರಾದರೆ ಇಲ್ಲಿನ ನೈತಿಕ ಸಮಿತಿಯ ಅನುಮತಿ ಪತ್ರ ತೋರಿಸಲು ಹೇಳಿ, ಕೇಳುವ ಹಕ್ಕು ನಿಮಗೂ ಇದೆ.